ಗೂಟಕ್ಕೆ ಕಟ್ಟಿದ ಎತ್ತು: ಕೊಲೆಸ್ಟರಾಲ್ ಮಾತ್ರೆ ಕೆಲಸ ಮಾಡುವ ಬಗೆ

ಮನೆ ಭೇಟಿಗೆ ಹೋದಾಗ ನಮ್ಮ ಕಿವಿಗೆ ಆಗಾಗ ಬೀಳುವ ಮಾತೊಂದಿದೆ: "ರಕ್ತ ಪರೀಕ್ಷೆಯಲ್ಲಿ ಕೊಲೆಸ್ಟರಾಲ್ ಸರಿಯಾಗಿದೆ ಫಾದರ್, ಹಾಗಾಗಿ ಮಾತ್ರೆ ನಿಲ್ಲಿಸಿಬಿಟ್ಟೆ." ಇದು ಸರಿಯೇ? ಉತ್ತರ ಬೇಕಾದರೆ ನಾವು ಪಿತ್ತಜನಕಾಂಗದ, ಅಂದರೆ ಲಿವರಿನ, ಒಂದು ಜೀವಕೋಶದೊಳಗೆ ಇಣುಕಿ ನೋಡಬೇಕು.

ಕೊಲೆಸ್ಟರಾಲ್ ವಿಷವಲ್ಲ. ಜೀವಕೋಶದ ಪೊರೆಗೆ ಬಿಗಿ ಕೊಡುವುದು ಅದೇ. ಪಿತ್ತರಸದ ಆಮ್ಲಗಳೂ ಕೆಲವು ಹಾರ್ಮೋನುಗಳೂ ಅದರಿಂದಲೇ ತಯಾರಾಗುತ್ತವೆ. ಆದರೆ ಅದು ಕಡಿಮೆಯಾದರೂ ಕಷ್ಟ, ಹೆಚ್ಚಾದರೂ ಕಷ್ಟ. ಆದುದರಿಂದ ಜೀವಕೋಶವು ತನ್ನೊಳಗಿನ ಒಂದು ಪೊರೆಯಲ್ಲಿ ಅದನ್ನು ಸದಾ ಅಳೆಯುತ್ತಿರುತ್ತದೆ. ಈ ಒಳಪೊರೆಗೆ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂದು ಹೆಸರು.

ಆ ಪೊರೆಯಲ್ಲಿ ನಾಟಿಕೊಂಡಿರುವ ಮೂರು ಪ್ರೋಟೀನುಗಳನ್ನು ಗಮನಿಸೋಣ. ಎಸ್‌ಆರ್‌ಇಬಿಪಿ ಎಂಬುದು ಹೇರು. ಸ್ಕ್ಯಾಪ್ ಅದನ್ನು ಎಳೆಯುವ ಎತ್ತು. ಇನ್ಸಿಗ್ ಎಂಬುದು ಗೂಟ. ಪೊರೆಯಲ್ಲಿ ಕೊಲೆಸ್ಟರಾಲ್ ಸಾಕಷ್ಟಿದ್ದರೆ ಅದು ಸ್ಕ್ಯಾಪಿಗೆ ಅಂಟಿ ಅದರ ಆಕಾರವನ್ನು ಬದಲಿಸುತ್ತದೆ. ಆಗ ಸ್ಕ್ಯಾಪ್ ಇನ್ಸಿಗನ್ನು ಬಿಗಿಯಾಗಿ ಹಿಡಿಯುತ್ತದೆ. ಎತ್ತು ಗೂಟಕ್ಕೆ ಬಿತ್ತು, ಹೇರು ಅಲ್ಲೇ ಉಳಿಯಿತು.

ಈ ಪೊರೆಯ ನೂರು ಕೊಬ್ಬಿನ ಅಣುಗಳಲ್ಲಿ ಕೊಲೆಸ್ಟರಾಲ್ ಸುಮಾರು 5ಕ್ಕಿಂತ ಕಡಿಮೆಯಾದರೆ ಹಿಡಿತ ಸಡಿಲವಾಗುತ್ತದೆ. ಆಗ ಸಾಗಾಟದ ಪ್ರೋಟೀನುಗಳು ಬಂದು ಸ್ಕ್ಯಾಪನ್ನು ಹಿಡಿದು, ಹೇರಿನ ಸಮೇತ ಗಾಲ್ಜಿ ಎಂಬ ಇನ್ನೊಂದು ಪೊರೆಗೆ ಒಯ್ಯುತ್ತವೆ. ಅಲ್ಲಿ ಹೇರಿನ ಒಂದು ತುಂಡು ಕತ್ತರಿಸಲ್ಪಟ್ಟು ಕೋಶಕೇಂದ್ರಕ್ಕೆ ಹೋಗಿ ಎರಡು ಆಜ್ಞೆ ಕೊಡುತ್ತದೆ: ಕೊಲೆಸ್ಟರಾಲ್ ತಯಾರಿಸಿ, ರಕ್ತದಲ್ಲಿರುವುದನ್ನೂ ಒಳಗೆಳೆಯಿರಿ. ಹೀಗೆ ಒಳಗೆಳೆಯುವ ಕೈಗಳೇ ಎಲ್‌ಡಿಎಲ್ ಗ್ರಾಹಕಗಳು. ಇವನ್ನು ಕಂಡುಹಿಡಿದ ಅಮೆರಿಕದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಪಾರಿತೋಷಕ ಬಂತು.

ಇನ್ನು ಮಾತ್ರೆಯ ವಿಷಯ. ಜಪಾನಿನ ಅಕಿರಾ ಎಂಡೋ ಎಂಬ ರೈತ ಕುಟುಂಬದ ವಿಜ್ಞಾನಿ ಸಾವಿರಾರು ಬೂಷ್ಟುಗಳನ್ನು ಪರೀಕ್ಷಿಸಿ, 1973ರಲ್ಲಿ ಅಕ್ಕಿಯ ಮೇಲೆ ಬೆಳೆದ ಬೂಷ್ಟಿನಿಂದ ಮೊದಲ ಸ್ಟಾಟಿನನ್ನು ಬೇರ್ಪಡಿಸಿದರು. ಸ್ಟಾಟಿನ್ ಮಾತ್ರೆಯು ಜೀವಕೋಶದ ಕೊಲೆಸ್ಟರಾಲ್ ತಯಾರಿಕೆಗೆ ತಡೆಯೊಡ್ಡುತ್ತದೆ. ಒಳಪೊರೆಯಲ್ಲಿ ಕೊರತೆಯಾಗುತ್ತದೆ, ಎತ್ತು ಬಿಚ್ಚಿಕೊಳ್ಳುತ್ತದೆ, ಪಿತ್ತಜನಕಾಂಗವು ಕೈಚಾಚಿ ರಕ್ತದ ಎಲ್‌ಡಿಎಲ್ ಅನ್ನು ಎಳೆದುಕೊಳ್ಳುತ್ತದೆ.

ಮಾತ್ರೆ ನಿಲ್ಲಿಸಿದರೆ? ತಯಾರಿಕೆ ಮತ್ತೆ ಶುರು, ಎತ್ತು ಮತ್ತೆ ಗೂಟಕ್ಕೆ, ಕೈಗಳು ಕಡಿಮೆ. ಕೆಲವೇ ವಾರಗಳಲ್ಲಿ ರಕ್ತದ ಎಲ್‌ಡಿಎಲ್ ಹಳೆಯ ಮಟ್ಟಕ್ಕೇರುತ್ತದೆ. ಒಳ್ಳೆಯ ವರದಿ ಬಂದದ್ದು ಮಾತ್ರೆಯಿಂದಲೇ. ತೋಟ ಹಸಿರಾಗಿದೆಯೆಂದು ಬೇಸಿಗೆಯಲ್ಲಿ ನೀರು ನಿಲ್ಲಿಸುವ ರೈತ ನಮ್ಮಲ್ಲಿ ಯಾರಿದ್ದಾರೆ?

ತೆಂಗು ಬೆಳೆಯುವ ನಮಗೆ ರುಚಿಸದ ಮಾತೊಂದನ್ನೂ ಹೇಳಬೇಕು. ತೆಂಗಿನೆಣ್ಣೆಯಲ್ಲಿ ಕೊಲೆಸ್ಟರಾಲ್ ಇಲ್ಲ, ನಿಜ. ಆದರೆ ಅದರ ಬಹುಪಾಲು ಸಂತೃಪ್ತ ಕೊಬ್ಬು. ಇಂಥ ಕೊಬ್ಬು ಗ್ರಾಹಕಗಳ ಕೆಲಸವನ್ನು ತಗ್ಗಿಸಿ ಎಲ್‌ಡಿಎಲ್ ಏರಿಸುತ್ತದೆ. ಬಿಡಬೇಕೆಂದಲ್ಲ, ಕೈ ಹಿಡಿದು ಬಳಸೋಣ.

ಕೊನೆಯಲ್ಲಿ ಮೂರು ವಿನಂತಿ. ಮಾತ್ರೆಯಿಂದ ಮೈಕೈ ನೋವು ಕಂಡರೆ ವೈದ್ಯರಿಗೆ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ. ಬಸುರಿಯಾದವರು, ಆಗಬಯಸುವವರು ಮೊದಲೇ ವೈದ್ಯರ ಸಲಹೆ ಪಡೆಯಿರಿ. ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲೇ ಯಾರಿಗಾದರೂ ಹೃದಯಾಘಾತವಾಗಿದ್ದರೆ ಮಕ್ಕಳ ರಕ್ತವನ್ನೂ ಪರೀಕ್ಷೆ ಮಾಡಿಸಿ. ಸುಮಾರು 250 ಜನರಲ್ಲಿ ಒಬ್ಬರಿಗೆ ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುವ ಈ ಏರ್ಪಾಡಿನಲ್ಲೇ ಹುಟ್ಟಿನಿಂದ ದೋಷವಿರುತ್ತದೆ. ಅಂಥವರು ತೆಳ್ಳಗಿರಬಹುದು, ದಿನವಿಡೀ ಗದ್ದೆಯಲ್ಲಿ ದುಡಿಯುವವರೂ ಆಗಿರಬಹುದು. ಬೇಗ ತಿಳಿದರೆ ಚಿಕಿತ್ಸೆ ಇದೆ.