ಸಂಜೆಯ ಪಾಠಶಾಲೆಯು ವಿಶ್ವವಿದ್ಯಾನಿಲಯವಾದ ಬಗೆ

ವಿಜ್ಞಾನವನ್ನು ತಾಯ್ನುಡಿಯಲ್ಲಿ ಕಲಿಯುವುದು ಸಾಧ್ಯವೇ ಎಂಬ ಶಂಕೆಯು ಕನ್ನಡ ಮಾಧ್ಯಮದ ಮಕ್ಕಳ ತಂದೆತಾಯಿಗಳನ್ನು ಆಗಾಗ ಕಾಡುವುದುಂಟು. ಜಪಾನು ದೇಶದ ಒಂದು ವಿದ್ಯಾಸಂಸ್ಥೆಯ ಚರಿತ್ರೆಯು ಈ ಶಂಕೆಗೆ ತಕ್ಕ ಸಮಾಧಾನವನ್ನು ನೀಡುತ್ತದೆ. ಅದನ್ನು ನಾವಿಲ್ಲಿ ಸಂಗ್ರಹವಾಗಿ ಅರಿಯೋಣ.

1868ರಲ್ಲಿ ಮೇಜಿ ಆಳ್ವಿಕೆಯು ಮೊದಲಾದ ಮೇಲೆ ಜಪಾನು ಪಾಶ್ಚಾತ್ಯ ವಿಜ್ಞಾನದತ್ತ ದೃಷ್ಟಿ ಹರಿಸಿತು. ಆದರೆ ಉನ್ನತ ವಿಜ್ಞಾನದ ಪಾಠಗಳು ಬಹುಮಟ್ಟಿಗೆ ಪರಭಾಷೆಗಳಲ್ಲಿಯೇ ನಡೆಯುತ್ತಿದ್ದವು. ಟೋಕಿಯೋ ವಿಶ್ವವಿದ್ಯಾನಿಲಯದಲ್ಲಿ ಫ್ರೆಂಚ್ ಭಾಷೆಯ ಮೂಲಕ ಭೌತಶಾಸ್ತ್ರವನ್ನು ಕಲಿತ ತರುಣರು, ಈ ವಿದ್ಯೆಯು ಕೆಲವರ ಸೊತ್ತಾಗಿ ಉಳಿಯಬಾರದೆಂದು ಬಗೆದರು. ಅಂತಹ 21 ಮಂದಿ ಸೇರಿ 1881ರಲ್ಲಿ, ಒಂದು ಪ್ರಾಥಮಿಕ ಶಾಲೆಯ ಕೊಠಡಿಯನ್ನು ಎರವಲು ಪಡೆದು, ಸಂಜೆಯ ವೇಳೆ ಜಪಾನೀ ಭಾಷೆಯಲ್ಲಿಯೇ ಪಾಠ ಹೇಳತೊಡಗಿದರು. 1883ರಲ್ಲಿ ಅದಕ್ಕೆ ‘ಟೋಕಿಯೋ ಭೌತಶಾಸ್ತ್ರ ಶಾಲೆ’ ಎಂಬ ಹೆಸರಾಯಿತು. ಖಗೋಳಶಾಸ್ತ್ರಜ್ಞರಾದ ತೆರಾವೊ ಹಿಸಾಶಿಯವರು ಅದರ ಮೊದಲ ಮುಖ್ಯಸ್ಥರಾದರು.

ಶಾಲೆಗೆ ಸ್ವಂತ ಉಪಕರಣಗಳಿರಲಿಲ್ಲ. ಸಂಜೆ ವಿಶ್ವವಿದ್ಯಾನಿಲಯದಿಂದ ಅವುಗಳನ್ನು ತಂದು, ಪ್ರಯೋಗ ತೋರಿಸಿ, ಮರಳಿ ಒಪ್ಪಿಸಬೇಕಾಗಿತ್ತು. ಹಣದ ಮುಗ್ಗಟ್ಟು ಒದಗಿದಾಗ 1885ರಲ್ಲಿ ಸ್ಥಾಪಕರಲ್ಲಿ 16 ಮಂದಿ ಒಂದು ಒಡಂಬಡಿಕೆ ಮಾಡಿಕೊಂಡರು: ಪ್ರತಿಯೊಬ್ಬರೂ 30 ಯೆನ್ ಕೊಡತಕ್ಕದ್ದು, ವಾರಕ್ಕೆ ಎರಡು ಸಲ ಸಂಬಳವಿಲ್ಲದೆ ಪಾಠ ಹೇಳತಕ್ಕದ್ದು, ಪಾಠ ತಪ್ಪಿಸಿದವರು ದಂಡ ತೆರತಕ್ಕದ್ದು! ಗುರುಗಳೇ ದಂಡ ತೆತ್ತು ಉಳಿಸಿಕೊಂಡ ಶಾಲೆಯಿದು.

ಪಾಠಕ್ಕೆ ತಕ್ಕ ಶಬ್ದಗಳೂ ಆಗ ಸ್ಥಿರವಾಗಿರಲಿಲ್ಲ. ಜಪಾನಿನ ಭೌತಶಾಸ್ತ್ರಜ್ಞರು 1883ರಲ್ಲಿ ಪರಿಭಾಷಾ ಸಂಘವೊಂದನ್ನು ಕಟ್ಟಿ, ಒಂದೊಂದು ಪದವನ್ನೂ ಚರ್ಚಿಸಿ ನಿರ್ಣಯಿಸಿದರು. ಅದರ ಫಲವಾಗಿ 1888ರಲ್ಲಿ ಜಪಾನೀ, ಇಂಗ್ಲಿಷ್, ಫ್ರೆಂಚ್, ಜರ್ಮನ್ ಭಾಷೆಗಳ ಭೌತಶಾಸ್ತ್ರ ಪದಕೋಶವು ಹೊರಬಂದಿತು. ಭಾಷೆಯಲ್ಲಿ ಪದವಿಲ್ಲವೆಂದು ಅವರು ಕೈಚೆಲ್ಲಿ ಕೂರಲಿಲ್ಲ, ಪದವನ್ನೇ ಕಟ್ಟಿದರು.

ಈ ಶಾಲೆಗೆ ಸೇರುವುದು ಸುಲಭ, ತೇರ್ಗಡೆಯಾಗುವುದು ಕಠಿಣ. ಹಾಗೆ ತೇರಿದವರು ನಾಡಿನ ಉದ್ದಗಲಕ್ಕೂ ಗಣಿತ-ವಿಜ್ಞಾನಗಳ ಉಪಾಧ್ಯಾಯರಾದರು. ನತ್ಸುಮೆ ಸೊಸೇಕಿಯವರ 1906ರ ‘ಬೊಚ್ಚಾನ್’ ಕಾದಂಬರಿಯ ನಾಯಕನು ಈ ಶಾಲೆಯಲ್ಲಿ ಓದಿ, ದೂರದ ಶಿಕೋಕು ದ್ವೀಪದಲ್ಲಿ ಗಣಿತದ ಮೇಷ್ಟ್ರಾದವನು.

1949ರಲ್ಲಿ ಶಾಲೆಯು ‘ಟೋಕಿಯೋ ವಿಜ್ಞಾನ ವಿಶ್ವವಿದ್ಯಾನಿಲಯ’ವಾಯಿತು. ಲೋಹವಿಜ್ಞಾನಿ ಹೊಂಡಾ ಕೊತಾರೊ ಅವರು ಅದರ ಮೊದಲ ಅಧ್ಯಕ್ಷರು. 1960ರಲ್ಲಿ ಔಷಧಶಾಸ್ತ್ರ, 1962ರಲ್ಲಿ ಎಂಜಿನಿಯರಿಂಗ್ ವಿಭಾಗಗಳು ಸೇರಿದವು.

ಅದೇ ಕಾಲದಲ್ಲಿ ಟೋಕಿಯೋದ ರಾತ್ರಿಶಾಲೆಯೊಂದರಲ್ಲಿ ಸತೋಷಿ ಓಮುರಾ ಎಂಬ ಉಪಾಧ್ಯಾಯರಿದ್ದರು. ಕಾರ್ಖಾನೆಯಿಂದ ನೇರವಾಗಿ ಬಂದು, ಎಣ್ಣೆ ಮೆತ್ತಿದ ಕೈಗಳಿಂದಲೇ ಪರೀಕ್ಷೆ ಬರೆಯುತ್ತಿದ್ದ ವಿದ್ಯಾರ್ಥಿಯನ್ನು ಕಂಡು, ತಾವೂ ಮತ್ತೆ ಓದಬೇಕೆಂದು ನಿಶ್ಚಯಿಸಿ, ಅವರು ಈ ವಿಶ್ವವಿದ್ಯಾನಿಲಯವನ್ನು ಸೇರಿದರು. 1963ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಮುಂದೆ ಅವರು ಮಣ್ಣಿನಲ್ಲಿ ಕಂಡುಹಿಡಿದ ಸೂಕ್ಷ್ಮಜೀವಿಯಿಂದ ಐವರ್‌ಮೆಕ್ಟಿನ್ ಔಷಧವು ಸಿದ್ಧವಾಗಿ, ನದೀತೀರದ ಜನರನ್ನು ಕುರುಡಾಗಿಸುತ್ತಿದ್ದ ರೋಗವನ್ನು ತಡೆಯಿತು. 2015ರಲ್ಲಿ ಅವರು ನೊಬೆಲ್ ಪಾರಿತೋಷಕದಲ್ಲಿ ಪಾಲುದಾರರಾದರು.

ಪ್ರಿಯ ವಿದ್ಯಾರ್ಥಿಗಳೇ, ಎರವಲು ಕೊಠಡಿಯೂ ಎರವಲು ಉಪಕರಣವೂ ಆ ಶಾಲೆಯನ್ನು ಕುಗ್ಗಿಸಲಿಲ್ಲ. ಎರವಲಲ್ಲದ ಸೊತ್ತುಗಳು ಅದಕ್ಕೆ ಎರಡಿದ್ದವು: ಗುರುಗಳ ಶ್ರದ್ಧೆ ಮತ್ತು ತಾಯ್ನುಡಿ. ಇವೆರಡೂ ನಮ್ಮಲ್ಲಿಯೂ ಉಂಟು. ಇವುಗಳನ್ನು ಬಳಸಿ ಬೆಳೆಸುವುದು ನಮ್ಮೆಲ್ಲರ ಕರ್ತವ್ಯವಾಗಿದೆ.