ಹತ್ತು ಸಲದ ತೂಕ

ಗರಡಿಮನೆಗೆ ಹೊಸದಾಗಿ ಬಂದ ಹುಡುಗನ ಕಣ್ಣು ಮೊದಲು ಬೀಳುವುದು ಅಲ್ಲಿಯ ಅತಿ ದೊಡ್ಡ ಕಲ್ಲುಗುಂಡಿನ ಮೇಲೆ. ಹಿರಿಯ ಪೈಲ್ವಾನನು ಅದನ್ನು ಹೂವಿನ ಚೆಂಡಿನಂತೆ ಎತ್ತುವುದನ್ನು ಕಂಡು ಅವನೂ ಕೈಹಾಕುತ್ತಾನೆ. ಸೊಂಟ ಹಿಡಿದುಕೊಂಡು ಮನೆಗೆ ಮರಳುತ್ತಾನೆ. ಮತ್ತೊಬ್ಬನ ಬಲಕ್ಕೆ ಹೊಂದಿದ ಭಾರವನ್ನು ತನ್ನದೆಂದು ಭಾವಿಸಿದುದೇ ಅವನ ತಪ್ಪು. ಹಾಗಾದರೆ ತನ್ನ ಭಾರವನ್ನು ಕಂಡುಕೊಳ್ಳುವುದು ಹೇಗೆ? ಇದಕ್ಕೊಂದು ಸರಳವಾದ ಉಪಾಯವನ್ನು ತೋರಿಸಿಕೊಟ್ಟವರು ಅಮೆರಿಕದ ವೈದ್ಯರಾದ ಥಾಮಸ್ ಡಿಲಾರ್ಮ್.

ಡಿಲಾರ್ಮ್ ಅವರು ಎಳೆಯ ವಯಸ್ಸಿನಲ್ಲಿ ರುಮ್ಯಾಟಿಕ್ ಜ್ವರಕ್ಕೆ ತುತ್ತಾಗಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದರು. ಗುಣಹೊಂದಿದ ಬಳಿಕ ಭಾರವೆತ್ತುವ ಅಭ್ಯಾಸದಿಂದಲೇ ಮೈಬಲವನ್ನು ಮರಳಿ ಪಡೆದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ಚಿಕಾಗೋ ನಗರದ ಗಾರ್ಡಿನರ್ ಸೈನಿಕ ಆಸ್ಪತ್ರೆಯಲ್ಲಿದ್ದರು. ಮಂಡಿಗೆ ಪೆಟ್ಟು ಬಿದ್ದು, ತೊಡೆಯ ಸ್ನಾಯುಗಳು ಸೊರಗಿಹೋದ ಸೈನಿಕರು ಅಲ್ಲಿಗೆ ಬರುತ್ತಿದ್ದರು. ನಡೆಯಲು ಕಾಲೇ ಇಲ್ಲವೆಂಬಂತಾಗಿದ್ದ ಆ ತರುಣರಿಗೆ ಹಗುರವಾದ ವ್ಯಾಯಾಮವನ್ನು ಬಹಳ ಸಲ ಮಾಡಿಸುವುದು ಅಂದಿನ ವಾಡಿಕೆ. ಇದರಿಂದ ದಣಿವನ್ನು ತಾಳುವ ಶಕ್ತಿ ಬರಬಹುದು, ಬಲ ಬಾರದು ಎಂದು ಡಿಲಾರ್ಮ್ ವಾದಿಸಿದರು. ರೋಗಿಯ ಪಾದಕ್ಕೆ ಕಬ್ಬಿಣದ ಪಾದರಕ್ಷೆಯನ್ನು ಕಟ್ಟಿ, ಅದಕ್ಕೆ ತೂಕಗಳನ್ನು ಸೇರಿಸುತ್ತ, ಕುಳಿತಲ್ಲಿಯೇ ಕಾಲನ್ನು ನೀಡಿಸಿದರು. ಸೊರಗಿದ ತೊಡೆಗಳು ತುಂಬಿಕೊಂಡವು. 1945ರಲ್ಲಿ ಅವರು ಈ ಕ್ರಮವನ್ನು ಪ್ರಕಟಿಸಿದರು.

ಅವರ ಅಳತೆಗೋಲು ರೋಗಿಯ ಕಾಲೇ ಆಗಿತ್ತು. ಹತ್ತು ಸಲ ಸರಿಯಾಗಿ ಎತ್ತಬಲ್ಲ, ಹನ್ನೊಂದನೆಯ ಸಲ ಎತ್ತಲಾರದ ತೂಕ ಯಾವುದೋ ಅದೇ ಅವನ ತೂಕ. 1948ರ ಹೊತ್ತಿಗೆ ಈ ಕ್ರಮವು ಮೂರು ಸರದಿಗಳಿಗೆ ಇಳಿಯಿತು. ಒಬ್ಬನ ತೂಕ 20 ಕಿಲೋ ಎಂದಿಟ್ಟುಕೊಂಡರೆ, ಮೊದಲು ಅದರ ಅರ್ಧವಾದ 10 ಕಿಲೋ, ಅನಂತರ 15, ಕೊನೆಗೆ 20. ಪ್ರತಿಯೊಂದನ್ನೂ ಹತ್ತು ಸಲ. ಹತ್ತನ್ನು ಮೀರಿ ಎತ್ತುವಂತಾದಾಗ ಮಾತ್ರ ತೂಕವನ್ನು ತುಸು ಏರಿಸಬೇಕು. ಬೆನ್ನು ಬಾಗಿಸಿ, ಜಗ್ಗಾಡಿ ಎತ್ತಿದ್ದು ಎಣಿಕೆಗೆ ಬಾರದು. ಎಳೆಯರು ಶಿಕ್ಷಕರ ಎದುರಿನಲ್ಲಿಯೇ ಇದನ್ನು ಕಲಿಯುವುದು ಲೇಸು.

ಸ್ನಾಯು ಬೆಳೆಯುವುದು ಭಾರವೆತ್ತುವ ಗಳಿಗೆಯಲ್ಲಲ್ಲ, ಅನಂತರದ ವಿಶ್ರಾಂತಿಯಲ್ಲಿ. ಆದುದರಿಂದ ಒಂದೇ ಅಂಗಕ್ಕೆ ದಿನದಿನವೂ ಭಾರ ಹೇರದೆ ನಡುವೆ ಒಂದೆರಡು ದಿನಗಳ ಬಿಡುವು ಕೊಡುವರು.

ಊಟಕ್ಕೂ ಅಳತೆಯುಂಟು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2020ರಲ್ಲಿ ಸೂಚಿಸಿದಂತೆ, ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕು. 60 ಕಿಲೋ ತೂಗುವವನಿಗೆ ಸುಮಾರು 50 ಗ್ರಾಂ. ಭಾರವೆತ್ತುವವನಿಗೆ ಇನ್ನಷ್ಟು. ಇದಕ್ಕಾಗಿ ಬಣ್ಣದ ಡಬ್ಬಿಗಳಲ್ಲಿ ಮಾರುವ ಪುಡಿಯನ್ನು ಕೊಳ್ಳಲೇಬೇಕೆಂಬ ಭ್ರಮೆ ತರುಣರಲ್ಲಿ ಹಬ್ಬಿದೆ. ಅಡುಗೆಮನೆಯಲ್ಲಿಯೇ ಲೆಕ್ಕ ಹಾಕಿ ನೋಡಬಹುದು: 300 ಗ್ರಾಂ ರಾಗಿ ಹಿಟ್ಟಿನ ಮುದ್ದೆಗಳಿಂದ 21 ಗ್ರಾಂ, 50 ಗ್ರಾಂ ಹುರುಳಿಯ ಸಾರಿನಿಂದ 11 ಗ್ರಾಂ (ಕಟ್ಟನ್ನು ಬಸಿದು ಕಾಳನ್ನು ದನಕ್ಕೆ ಹಾಕಿದರೆ ಈ ಲೆಕ್ಕ ನಿಲ್ಲದು), ಅರ್ಧ ಲೀಟರು ಹಾಲಿನಿಂದ ಸುಮಾರು 16 ಗ್ರಾಂ. ಒಟ್ಟು 48. ಮೇಲೆ ಒಂದು ಹಿಡಿ ಕಡಲೆಕಾಯಿ ಬೀಜ ಸೇರಿದರೆ 55ರ ಹತ್ತಿರ ಬರುವುದು. ಮೊಟ್ಟೆ ತಿನ್ನುವ ಮನೆಯಾದರೆ ಮೊಟ್ಟೆಯೊಂದಕ್ಕೆ ಇನ್ನು 6 ಗ್ರಾಂ.