ಅಳಿಸಿಹೋದ ಚಿಟ್ಟೆ
(ಪಾತ್ರದ ಆಟ ಕೆಲವರಿಗೆ ಹಿಡಿಸುವುದೇಕೆ, ಕೆಲವರಿಗೆ ಬೇಸರವೇಕೆ?)



ಹೋದ ಸಲ ನಾನು ಗೋಡೆ ಪತ್ರಿಕೆಗೆ ಜೇನುಹುಳದ ಬಗ್ಗೆ ಬರೆದಿದ್ದೆ. ಈ ಸಲ ವಿಡಿಯೋ ಗೇಮ್ ಬಗ್ಗೆ ಬರೆಯುತ್ತೇನೆ ಅಂದಾಗ ಕನ್ನಡ ಮೇಷ್ಟ್ರು "ಅದೂ ಒಂದು ಪಾಠವೇನೋ?" ಅಂತ ನಕ್ಕರು. ಆಮೇಲೆ "ಏಕೆ ಅನ್ನುವ ಪ್ರಶ್ನೆಗೆ ಉತ್ತರ ಇದ್ದರೆ ಬರಿ" ಅಂದರು. ಆ 'ಏಕೆ' ನನಗೆ ಹುಟ್ಟಿದ್ದು ಒಂದು ಜಗಳದಿಂದ. ಆದ್ದರಿಂದ ಮೊದಲು ಜಗಳವನ್ನೇ ಹೇಳುತ್ತೇನೆ.

ದಸರಾ ರಜೆಗೆ ಅತ್ತೆಯ ಮಗ ಬಂದಿದ್ದ. ಅವನು ಕಾಲೇಜು ಓದುತ್ತಾನೆ. ಅವನಪ್ಪ ಹಿಂದೆ ಸಿಂಗಾಪುರದಿಂದ ತಂದ ಗೇಮ್ ಬಾಯ್ ಅನ್ನುವ ಆಟದ ಯಂತ್ರ ಅವನ ಹತ್ತಿರ ಇದೆ. ನಿಂಟೆಂಡೋ ಎಂಬ ಜಪಾನಿನ ಕಂಪನಿ 1989ರಲ್ಲಿ ಹೊರತಂದ ಯಂತ್ರ ಅದು. ನಾಲ್ಕು ಪೆನ್ಸಿಲ್ ಸೆಲ್ ಹಾಕಬೇಕು, ಪರದೆಯಲ್ಲಿ ಬಣ್ಣವೇ ಇಲ್ಲ. ಅದರಲ್ಲಿ ಹಾಕುವ ಪೋಕೆಮಾನ್ ರೆಡ್ ಎಂಬ ಆಟವನ್ನು ನನಗೂ ನನ್ನ ಪಕ್ಕದ ಬೆಂಚಿನ ಗೆಳೆಯನಿಗೂ ಆಡಲು ಕೊಟ್ಟ.

ಆಟ ಹೀಗಿದೆ. ನೀವು ಒಬ್ಬ ಹುಡುಗ. ಊರಿಂದೂರಿಗೆ ನಡೆದು ಪೋಕೆಮಾನ್ ಎಂಬ ಪ್ರಾಣಿಗಳನ್ನು ಹಿಡಿಯಬೇಕು, ಸಾಕಬೇಕು, ಬೇರೆಯವರ ಪ್ರಾಣಿಗಳ ಜೊತೆ ಕಾದಾಡಿಸಬೇಕು. ಒಟ್ಟು 151 ಜಾತಿ. ಮೊದಲಿಗೆ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಬೇಕು: ಸಸ್ಯದ್ದು, ಬೆಂಕಿಯದು, ನೀರಿನದು. ನಾನು ಬೆಂಕಿಯ ಹಲ್ಲಿಯಂಥ ಚಾರ್ಮ್ಯಾಂಡರ್ ಆರಿಸಿದೆ. ಅದೇ ತಪ್ಪಾಯ್ತು. ಮೊದಲ ದೊಡ್ಡ ಎದುರಾಳಿ ಬ್ರಾಕ್ ಅನ್ನುವವನ ಹತ್ತಿರ ಇರುವುದೆಲ್ಲಾ ಕಲ್ಲಿನ ಪ್ರಾಣಿಗಳು. ಬೆಂಕಿಗೆ ಕಲ್ಲು ಬಗ್ಗುವುದಿಲ್ಲ. ಎರಡು ಸಲ ಸೋತೆ.

ಆಗ ಅತ್ತೆಯ ಮಗ ಒಂದು ದಾರಿ ಹೇಳಿದ. ಹತ್ತಿರದ ವಿರಿಡಿಯನ್ ಕಾಡಿನಲ್ಲಿ ಕ್ಯಾಟರ್ಪಿ ಎಂಬ ಕಂಬಳಿಹುಳ ಸಿಗುತ್ತದೆ. ರೆಡ್ ಆಟದಲ್ಲಿ ಅದು ಅಲ್ಲಿ ಅಪರೂಪ, ವೀಡಲ್ ಎಂಬ ಇನ್ನೊಂದು ಹುಳವೇ ಜಾಸ್ತಿ. ಕ್ಯಾಟರ್ಪಿ 7ನೇ ಲೆವೆಲ್‌ಗೆ ಗೂಡು ಕಟ್ಟುತ್ತದೆ, 10ನೇ ಲೆವೆಲ್‌ಗೆ ಬಟರ್‌ಫ್ರೀ ಎಂಬ ಚಿಟ್ಟೆಯಾಗುತ್ತದೆ. 12ನೇ ಲೆವೆಲ್‌ನಲ್ಲಿ ಅದು ಕಲಿಯುವ ಮನಸ್ಸಿನ ಶಕ್ತಿಯ ಏಟು ಕಲ್ಲಿಗೂ ತಗಲುತ್ತದೆ.

ಇಲ್ಲಿ ಗಣಿತ ಇದೆ ನೋಡಿ. ಈ ಹುಳ ಒಂದು ಲೆವೆಲ್ ಮುಟ್ಟಲು ಬೇಕಾದ ಒಟ್ಟು ಅಂಕ ಆ ಸಂಖ್ಯೆಯ ಘನ. 7ಕ್ಕೆ 343, 10ಕ್ಕೆ 1000, 11ಕ್ಕೆ 1331, 12ಕ್ಕೆ 1728. 100ನೇ ಲೆವೆಲ್‌ಗೆ ಹತ್ತು ಲಕ್ಷ! ನಮ್ಮ ಗಣಿತದ ಟೀಚರ್‌ಗೆ ಹೇಳಿದಾಗ ಅವರೇ ಬೋರ್ಡಿನ ಮೇಲೆ ಬರೆದು ನೋಡಿದರು.

ಮೂರು ದಿನ ಹಠ ಹಿಡಿದು ಹುಳ ಹುಡುಕಿ, ಸಾಕಿ, ಚಿಟ್ಟೆ ಮಾಡಿ 11ಕ್ಕೆ ತಂದಿದ್ದೆ. ಇನ್ನೊಂದೇ ಲೆವೆಲ್. ಅಷ್ಟರಲ್ಲಿ ಅವ್ವ ಕರೆದಳು ಅಂತ ಹಿಟ್ಟು ಬೀಸಿಸಿಕೊಂಡು ಬರಲು ಹೋದೆ. ಬರುವಷ್ಟರಲ್ಲಿ ಗೆಳೆಯ ಹೊಸ ಆಟ ಶುರು ಮಾಡಿ ಉಳಿಸಿಬಿಟ್ಟಿದ್ದ. ಆ ಆಟದಲ್ಲಿ ಒಬ್ಬರ ಆಟ ಮಾತ್ರ ಉಳಿಯುತ್ತದೆ. ಹಳೆಯದನ್ನು ಅಳಿಸಲೇ ಅಂತ ಇಂಗ್ಲಿಷಿನಲ್ಲಿ ಕೇಳಿತ್ತಂತೆ, ಅವನು ಓದದೆ ಗುಂಡಿ ಒತ್ತಿದ್ದ. ನಾನಾಗಿದ್ದರೂ ಬಹುಶಃ ಓದುತ್ತಿರಲಿಲ್ಲ, ಆದರೆ ಆವತ್ತು ಅದು ಹೊಳೆಯಲಿಲ್ಲ. ಅತ್ತುಬಿಟ್ಟೆ. ಅವನು "ಅದಕ್ಯಾಕೋ ಅಳ್ತೀಯ, ಮತ್ತೆ ಆಡಿದ್ರಾಯ್ತು. ಏನು ಹೋಯ್ತು ನಿಂದು?" ಅಂದ. ಹದಿನೈದು ದಿನ ನಾವು ಮಾತಾಡಲಿಲ್ಲ.

ಕೋಪ ಇಳಿದ ಮೇಲೆ ಯೋಚಿಸಿದೆ. ಅವನು ಸುಳ್ಳು ಹೇಳಿರಲಿಲ್ಲ. ಅವನಿಗೆ ನಿಜವಾಗಿಯೂ ಏನೂ ಹೋಗಿದೆ ಅನ್ನಿಸಿರಲಿಲ್ಲ. ಏಕೆ?

ಈ ಥರದ ಆಟಗಳಿಗೆ ರೋಲ್ ಪ್ಲೇಯಿಂಗ್ ಗೇಮ್, ಅಂದರೆ ಪಾತ್ರ ವಹಿಸುವ ಆಟ ಅಂತ ಹೆಸರು. ಇವು ಮೊದಲು ಯಂತ್ರದಲ್ಲಿ ಇರಲಿಲ್ಲ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟ ಪ್ರಕಟಿಸಿದರು. ಅದಕ್ಕೆ ಬೇಕಾಗಿದ್ದು ಕಾಗದ, ಪೆನ್ಸಿಲ್, ದಾಳ. ಸುತ್ತ ಕುಳಿತು ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ. ಪಾತ್ರಕ್ಕೆ ಎಷ್ಟು ಬಲ, ಎಷ್ಟು ಪೆಟ್ಟು ತಡೆಯುತ್ತದೆ, ಯಾವ ಲೆವೆಲ್ ಎಂಬುದೆಲ್ಲ ಕಾಗದದ ಮೇಲೆ ಅಂಕಿಯಲ್ಲಿ ಇರುತ್ತದೆ. ಈ ಅಂಕಿಗಳೇ ಮುಂದೆ ಕಂಪ್ಯೂಟರ್ ಸೇರಿದವು. ಜಪಾನಿನಲ್ಲಿ 1986ರಲ್ಲಿ ಯೂಜಿ ಹೋರಿ ಅವರ ಡ್ರ್ಯಾಗನ್ ಕ್ವೆಸ್ಟ್ ಬಂತು. ಅದರಲ್ಲಿ ನಾಯಕ ಸತ್ತರೆ ಅರ್ಧ ಹಣ ಹೋಗುತ್ತದೆ, ಆದರೆ ಗಳಿಸಿದ ಅನುಭವದ ಅಂಕ ಹೋಗುವುದಿಲ್ಲ. ಅಂದರೆ ಸೋತರೂ ನೀವು ಮೊದಲಿಗಿಂತ ಸ್ವಲ್ಪ ಗಟ್ಟಿಯಾಗಿರುತ್ತೀರಿ. ಕೈ ನಿಧಾನ ಇದ್ದವನೂ ತಾಳ್ಮೆ ಇದ್ದರೆ ಮುಗಿಸಬಹುದು.

ಇಲ್ಲೇ ನನಗೆ ಗುಟ್ಟು ಸಿಕ್ಕಿತು. ಕ್ರಿಕೆಟ್ಟಿನಲ್ಲಿ, ಗೋಲಿಯಲ್ಲಿ, ಮೊಬೈಲಿನ ಬೈಕ್ ರೇಸಿನಲ್ಲಿ ಬೆಳೆಯುವುದು ಆಡುವವನ ಕೈ. ಪಾತ್ರದ ಆಟದಲ್ಲಿ ಹೆಚ್ಚಾಗಿ ಬೆಳೆಯುವುದು ಪಾತ್ರ. ನನ್ನ ಗೆಳೆಯ ಗೋಲಿಯಲ್ಲಿ ಶಾಲೆಗೇ ಮೊದಲು. ಅವನ ಗೋಲಿಗಳನ್ನೆಲ್ಲ ಬಾವಿಗೆ ಹಾಕಿದರೂ ಅವನ ಆಟ ಅವನ ಬೆರಳಲ್ಲೇ ಇರುತ್ತದೆ. ಅದಕ್ಕೇ "ಏನು ಹೋಯ್ತು" ಅಂತ ಕೇಳಿದ. ನಾನು ಗಳಿಸಿದ್ದೆಲ್ಲಾ ಆ ಚಿಟ್ಟೆಯ 11ರಲ್ಲಿ ಇತ್ತು. ಅದು ಹೋದರೆ ನನ್ನ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಅವನಿಗೆ ಇಂಥ ಆಟ ಯಾಕೆ ಹಿಡಿಸಲಿಲ್ಲ ಅಂತ ಆಮೇಲೆ ಕೇಳಿದೆ. "ನೀನು ಹೊಡಿ, ಆಮೇಲೆ ನಾನು ಹೊಡೀತೀನಿ ಅಂತ ಸರದಿ ಕಾಯೋದು ಎಂಥ ಜಗಳ? ನಾನೆಷ್ಟು ಬೇಗ ಒತ್ತಿದ್ರೂ ಅದು ಅಷ್ಟೇ ಹೊಡೆಯುತ್ತೆ" ಅಂದ. ನ್ಯಾಯವಾದ ಮಾತು. ಅವನ ಚುರುಕಿಗೆ ಅಲ್ಲಿ ಬೆಲೆಯೇ ಇಲ್ಲ. ನನಗೆ ಹಿಡಿಸಿದ್ದೂ ಅದೇ ಕಾರಣಕ್ಕೆ. ನಾನು ಆಟದ ಬಯಲಿನಲ್ಲಿ ಮೊದಲು ಔಟಾಗುವವರ ಪೈಕಿ. ಯಾವ ತಂಡಕ್ಕೂ ಕೊನೆಗೆ ಉಳಿಯುವುದು ನಾನೇ. ಎಲ್ಲರಿಗೂ ಗೊತ್ತು, ಬರೆದರೇನು!

ಇದೊಂದೇ ಕಾರಣ ಅಲ್ಲ. ನಮ್ಮ ಬೀದಿಯ ಒಬ್ಬಳು ಗೆಳತಿಯೂ ಒಂದು ದಿನ ಆಡಿದಳು. ಅವಳು ಕಾದಾಡಲೇ ಇಲ್ಲ. ಮನೆಮನೆಗೆ ನುಗ್ಗಿ ಎಲ್ಲರನ್ನೂ ಮಾತಾಡಿಸುತ್ತಾ, ಅವರು ಏನಂತಾರೆ ಅಂತ ಅತ್ತೆಯ ಮಗನ ಹತ್ತಿರ ಓದಿಸುತ್ತಾ ಕೂತಳು. ಪೋಕೆಮಾನ್ ಹುಟ್ಟಿದ್ದೂ ಗೆಲುವಿನ ಆಸೆಯಿಂದ ಮಾತ್ರ ಅಲ್ಲ. ಅದನ್ನು ಮಾಡಿದ ಸತೋಶಿ ತಜಿರಿ ಚಿಕ್ಕವರಿದ್ದಾಗ ಟೋಕಿಯೋ ಹತ್ತಿರದ ಮಚಿದಾ ಎಂಬಲ್ಲಿ ಹುಳ ಹಿಡಿದು ಕೂಡಿಡುತ್ತಿದ್ದರು. ಎರಡು ಗೇಮ್ ಬಾಯ್‌ಗಳನ್ನು ವೈರಿನಿಂದ ಜೋಡಿಸಬಹುದು ಅಂತ ನೋಡಿದಾಗ, ಹುಳಗಳು ಆ ವೈರಿನ ಮೇಲೆ ಹರಿದಾಡುವಂತೆ ಅವರಿಗೆ ತೋರಿತಂತೆ. 1996ರಲ್ಲಿ ಜಪಾನಿನಲ್ಲಿ ರೆಡ್ ಮತ್ತು ಗ್ರೀನ್ ಅಂತ ಎರಡು ಬಗೆಯಲ್ಲಿ ಆಟ ಬಂತು. ಒಂದರಲ್ಲಿ ಸಿಗುವ ಕೆಲವು ಪ್ರಾಣಿ ಇನ್ನೊಂದರಲ್ಲಿ ಸಿಗುವುದಿಲ್ಲ. ಗೆಳೆಯರ ಜೊತೆ ಬದಲಾಯಿಸಿಕೊಳ್ಳಲೇಬೇಕು. ನಮ್ಮಲ್ಲಿ ಯಂತ್ರ ಒಂದೇ ಇದ್ದದ್ದರಿಂದ ಆ ಸುಖ ನಮಗೆ ಗೊತ್ತಾಗಲಿಲ್ಲ.

ಆಡುವವರು ಎಷ್ಟು ಬಗೆ ಅಂತ ಅದೇ 1996ರಲ್ಲಿ ಇಂಗ್ಲೆಂಡಿನ ರಿಚರ್ಡ್ ಬಾರ್ಟಲ್ ಅನ್ನುವವರು ಬರೆದಿದ್ದಾರೆ. ಅವರೂ ರಾಯ್ ಟ್ರಬ್‌ಶಾ ಅನ್ನುವವರೂ ಸೇರಿ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಹಲವರು ಕೂಡಿ ಆಡುವ, ಬರೀ ಅಕ್ಷರಗಳ ಕಂಪ್ಯೂಟರ್ ಆಟ ಮಾಡಿದ್ದರು. ಬಾರ್ಟಲ್ ಇಸ್ಪೀಟಿನ ನಾಲ್ಕು ರಂಗುಗಳನ್ನು ಉಪಮೆಯಾಗಿ ಹೇಳಿದರು. ಅಂಕ, ನಿಧಿ ಗಳಿಸುವವರು ಡೈಮಂಡ್. ಮೂಲೆಮೂಲೆ ಅಗೆದು ಹುಡುಕುವವರು ಇಸ್ಪೀಟು. ಜನರ ಜೊತೆ ಬೆರೆಯಲು ಬರುವವರು ಆಟಿನ್. ಬೇರೆಯವರನ್ನು ಹೊಡೆಯಲು ಬರುವವರು ಕಳಾವರ್. ಈ ಪ್ರಕಾರ ನಾನು ಡೈಮಂಡ್, ಗೆಳತಿ ಇಸ್ಪೀಟು ಅಥವಾ ಆಟಿನ್. ಗೆಳೆಯನನ್ನು ಎಲ್ಲಿಡುವುದೋ ತಿಳಿಯಲಿಲ್ಲ. ಅದು ಹಲವರು ಕೂಡಿ ಆಡುವ ಆಟಗಳಿಗೆ ಮಾಡಿದ ಲೆಕ್ಕ, ಒಬ್ಬನೇ ಆಡುವ ಆಟಕ್ಕೆ ಪೂರ್ತಿ ಹೊಂದುವುದಿಲ್ಲ ಅಂತ ನನ್ನ ಅಭಿಪ್ರಾಯ.

ಇನ್ನೊಂದು ಕಾರಣ ನಮ್ಮಂಥವರಿಗೆ ಮುಖ್ಯ. ಪಾತ್ರದ ಆಟ ಅರ್ಧಕ್ಕರ್ಧ ಓದುವ ಆಟ. ಬೈಕ್ ರೇಸಿಗೆ ಭಾಷೆ ಬೇಡ, ಇದಕ್ಕೆ ಬೇಕು. ಅತ್ತೆಯ ಮಗ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳಿದ್ದರಿಂದ ನನಗೆ ಕಥೆ ತಿಳಿಯಿತು. ಗೆಳೆಯ ಆಡುವಾಗ ಅವನು ನಿದ್ದೆ ಮಾಡುತ್ತಿದ್ದ. ಕಥೆಯೇ ತಿಳಿಯದಿದ್ದರೆ ಉಳಿಯುವುದು ಸರದಿ ಕಾಯುವುದು ಮಾತ್ರ. ಅದು ಯಾರಿಗೆ ತಾನೇ ಹಿಡಿಸೀತು? ಆದ್ದರಿಂದ ಅವನಿಗೆ ಇಂಥ ಆಟವೇ ಆಗುವುದಿಲ್ಲ ಅಂತ ತೀರ್ಮಾನ ಮಾಡಲು ನನಗೆ ಧೈರ್ಯ ಇಲ್ಲ.

ಅತ್ತೆಯ ಮಗ ಯಂತ್ರ ತೆಗೆದುಕೊಂಡು ಹೋದ. ಈಗ ನಾನು ರೂಲ್ ಹಾಳೆಯ ನೋಟ್‌ಬುಕ್ಕಿನಲ್ಲಿ ಮೊದಲಿನವರ ಹಾಗೆ ಕಾಗದದ ಆಟ ಮಾಡಿದ್ದೇನೆ. ದಾಳ ಇಲ್ಲ, ಚೌಕಾಬಾರದ ಕವಡೆ. ಕಥೆ ಕನ್ನಡದಲ್ಲೇ ನಡೆಯುತ್ತದೆ. ಪೆಟ್ಟು ತಗಲಬೇಕಾದರೆ ಗೋಲಿ ಗುರಿಗೆ ಬೀಳಬೇಕು ಅನ್ನುವ ಹೊಸ ನಿಯಮವನ್ನು ಗೆಳೆಯನೇ ಸೇರಿಸಿದ. ನನಗೆ ಅದರಿಂದ ನಷ್ಟವೇ, ಆದರೂ ಒಪ್ಪಿದ್ದೇನೆ. ಅವನ ಪಾತ್ರ 4ನೇ ಲೆವೆಲ್‌ನಲ್ಲಿದೆ, ನನ್ನದು 3ರಲ್ಲಿ. ಈ ಭಾನುವಾರ ನೋಟ್‌ಬುಕ್ ಅವನ ಮನೆಯಲ್ಲಿ ಇರುತ್ತದೆ. ರಬ್ಬರನ್ನು ಮಾತ್ರ ನಾನೇ ಇಟ್ಟುಕೊಂಡಿದ್ದೇನೆ.

— 7ನೇ ತರಗತಿ